ಮತ್ತೆ ಲಾರಿ ಮಾಡೆಲ್ ಕಟ್ಟಲು ಕೂರುವ ಮುಂಚೆ: ಯಾವ ಅಳತೆ, ಯಾವ ಕಿಟ್?

ನಮ್ಮಪ್ಪ ಬೆಂಗಳೂರಿನ ಕಲಾಸಿಪಾಳ್ಯದ ಲಾರಿ ಆಫೀಸೊಂದರಲ್ಲಿ ಬುಕಿಂಗ್ ಗುಮಾಸ್ತರಾಗಿದ್ದರು. ಶನಿವಾರ ಬೆಳಗಿನ ಶಾಲೆ ಮುಗಿದರೆ ನಾನು ಸೀದಾ ಅಲ್ಲಿಗೆ ಹೋಗಿ ಮೂಟೆಗಳ ಮೇಲೆ ಕೂತು ಲಾರಿ ನೋಡುತ್ತಿದ್ದೆ. 1989ರಲ್ಲಿ ಮಸ್ಕತ್‌ನಿಂದ ರಜೆಗೆ ಬಂದ ಸೋದರಮಾವ ಒಂದು ಪೆಟ್ಟಿಗೆ ಕೈಗಿಟ್ಟರು. ಒಳಗಿದ್ದದ್ದು ಎಎಂಟಿ ಕಂಪನಿಯ ಕಿಟ್, ಅಂದರೆ ಬಿಡಿ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿ ಕಟ್ಟುವ ಮಾಡೆಲ್. ಅಮೆರಿಕದ ಪೀಟರ್‌ಬಿಲ್ಟ್ 359 ಲಾರಿಯದು, 1/25 ಅಳತೆ, ಅಂದರೆ ನಿಜವಾದ ಲಾರಿಯ ಇಪ್ಪತ್ತೈದರಲ್ಲಿ ಒಂದು ಪಾಲು. ಅದನ್ನು ಮೂರು ತಿಂಗಳು ಕೂತು ಕಟ್ಟಿದೆ. ಆಮೇಲೆ ಮಾವ ಅದಕ್ಕೊಂದು ಟ್ರೇಲರ್ ಕಿಟ್ಟನ್ನೂ ಕಳಿಸಿದರು. ಅದು ಅರ್ಧ ಆಗಿತ್ತು. 1996ರಲ್ಲಿ ಬಾಡಿಗೆ ಮನೆ ಬದಲಾಯಿಸುವಾಗ ಚಾಸಿ ಎರಡು ತುಂಡಾಯಿತು. ಅಲ್ಲಿಗೆ ಹವ್ಯಾಸವೂ ನಿಂತಿತು.

ಮತ್ತೆ ಶುರು ಮಾಡಿದ್ದು 2021ರಲ್ಲಿ, ಇಪ್ಪತ್ತೈದು ವರ್ಷದ ಮೇಲೆ. ಆಗಿನಿಂದ ನನ್ನ ಹಾಗೆಯೇ ವಾಪಸ್ ಬರುವ ಹಲವರ ಜೊತೆ ಮಾತಾಡಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಯಾವ ಕಿಟ್ ಒಳ್ಳೆಯದು?" ಅಂತ. ನಾನು ತಿರುಗಿ ಕೇಳುವುದು ಬೇರೆ ಪ್ರಶ್ನೆ. ಆಗ ನೀವು ಬಿಟ್ಟದ್ದು ಯಾಕೆ?

ಜಾಗ ಇಲ್ಲದೆ ಬಿಟ್ಟವರಿಗೆ ಒಂದು ಕಿಟ್ ಸರಿಹೋಗುತ್ತದೆ. ಬಣ್ಣದ ವಾಸನೆಗೆ ಮನೆಯವರಿಗೆ ತಲೆನೋವು ಬಂದು ಬಿಟ್ಟವರಿಗೆ ಬೇರೆಯದು ಬೇಕು. ತಾಳ್ಮೆ ಮುಗಿದು ಬಿಟ್ಟವರಿಗೆ ಇನ್ನೊಂದು. ಪೆಟ್ಟಿಗೆ ಮೇಲಿನ ಚಿತ್ರ ನೋಡಿ ಆರಿಸಿದರೆ, ಹೋದ ಸಲ ಎಲ್ಲಿ ನಿಂತಿತೋ ಅಲ್ಲೇ ಮತ್ತೆ ನಿಲ್ಲುತ್ತದೆ. ಹಾಗಾಗಿ ಮುಂದಿನ ಪ್ರತಿ ಹೋಲಿಕೆಯನ್ನೂ ಆ ಒಂದು ಕಾರಣವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಟೇಪ್ ಹಿಡಿದು ಶುರು ಮಾಡಿ

ನಮ್ಮಲ್ಲಿ ಹೆಚ್ಚಿನವರು ಬಿಟ್ಟದ್ದು ಜಾಗಕ್ಕಾಗಿಯೇ. ಕಾರಿನ ಮಾಡೆಲ್ ಅಂಗೈಯಷ್ಟು. ಟ್ರೇಲರ್ ಲಾರಿ ಹಾಗಲ್ಲ.

ಒಂದೇ ಲಾರಿಯನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಯುರೋಪಿನಲ್ಲಿ ಟ್ರೇಲರ್ ಸಮೇತ ಲಾರಿಯ ಪೂರ್ತಿ ಉದ್ದ ಸಾಮಾನ್ಯವಾಗಿ 16.5 ಮೀಟರ್ ಮೀರುವಂತಿಲ್ಲ. ಆ ಲಾರಿ 1/87 ಅಳತೆಯಲ್ಲಿ 19 ಸೆಂಟಿಮೀಟರ್ ಆಗುತ್ತದೆ. 1/32ರಲ್ಲಿ 52 ಸೆಂಟಿಮೀಟರ್. 1/24ರಲ್ಲಿ 69. ರಿಮೋಟ್‌ನಲ್ಲಿ ಓಡುವ 1/14ರಲ್ಲಿ 118, ಅಂದರೆ ಹೆಚ್ಚುಕಡಿಮೆ ನಾಲ್ಕು ಅಡಿ. ಅಮೆರಿಕದ ಉದ್ದ ಮೂತಿಯ ಲಾರಿಗೆ ದೊಡ್ಡ ಟ್ರೇಲರ್ ಸೇರಿಸಿದರೆ 20 ಮೀಟರ್ ಹತ್ತಿರ ಹೋಗುತ್ತದೆ. ಅದು 1/25ರಲ್ಲಿ 80 ಸೆಂಟಿಮೀಟರ್.

ಈಗ ನಿಮ್ಮ ಮನೆಯ ಶೋಕೇಸ್ ಅಳೆಯಿರಿ. ಅಗಲ ಅಷ್ಟೇ ಅಲ್ಲ, ಆಳವನ್ನೂ ನೋಡಿ. ಲಾರಿ 2.5 ಮೀಟರ್ ಅಗಲ ಇರುತ್ತದೆ, 1/25ರಲ್ಲಿ 10 ಸೆಂಟಿಮೀಟರ್. ಕನ್ನಡಿ, ಬಂಪರ್ ತಾಗದೆ ಕೂರಬೇಕಾದರೆ 15 ಸೆಂಟಿಮೀಟರ್ ಆಳ ಬೇಕು. ಎತ್ತರ ನಾಲ್ಕು ಮೀಟರ್ ಅಂದುಕೊಂಡರೆ 16 ಸೆಂಟಿಮೀಟರ್. ನಮ್ಮ ಫ್ಲಾಟಿನ ಟಿವಿ ಗೋಡೆಯ ಖಾನೆ 60 ಸೆಂಟಿಮೀಟರ್ ಅಗಲ. 1/24, 1/25ರಲ್ಲಿ ಟ್ರೇಲರ್ ಸಮೇತ ಒಂದೂ ಹಿಡಿಸುವುದಿಲ್ಲ. ಆದರೆ ಎಳೆಯುವ ಲಾರಿ ಮಾತ್ರ ಆದರೆ ಎರಡು ಕೂರುತ್ತವೆ, ಎರಡೂ ಅಮೆರಿಕದವಾಗದಿದ್ದರೆ. ಮಲಗುವ ಕ್ಯಾಬಿನ್ ಇರುವ ಅಮೆರಿಕದ ಲಾರಿ 1/25ರಲ್ಲಿ ಸುಮಾರು 32 ಸೆಂಟಿಮೀಟರ್. ಯುರೋಪಿನದು 1/24ರಲ್ಲಿ 25.

ನನ್ನ ಸಲಹೆ ಇಲ್ಲೇ ಹೇಳಿಬಿಡುತ್ತೇನೆ. ಮೊದಲನೆಯದು 1/24 ಅಥವಾ 1/25ರಲ್ಲಿ ಬರೀ ಎಳೆಯುವ ಲಾರಿ ಆಗಿರಲಿ. ಟ್ರೇಲರ್ ಬೇಡ. ಟ್ರೇಲರ್ ಅಂದರೆ ಉದ್ದನೆಯ ಗೋಡೆ, ಉದ್ದನೆಯ ಛಾವಣಿ. ಸಣ್ಣ ಸೊಟ್ಟ ಇದ್ದರೂ ದೂರದಿಂದಲೇ ಕಾಣುತ್ತದೆ. ಕೈ ಪಳಗಿದ ಮೇಲೆ ಅದರಲ್ಲಿ ಖುಷಿ ಇದೆ, ಮೊದಲೇ ಅಲ್ಲ.

ಈ ಎರಡು ಅಳತೆಗಳ ನಡುವೆ ಇರುವ ವ್ಯತ್ಯಾಸ ನಾಲ್ಕೇ ಪರ್ಸೆಂಟ್. ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ 1/24ಕ್ಕೆ ನಮ್ಮ ಪಾಲಿಗೆ ಒಂದು ದೊಡ್ಡ ಅನುಕೂಲವಿದೆ. ಒಂದು ಅಡಿಗೆ ಅರ್ಧ ಇಂಚು, ಅಷ್ಟೇ ಲೆಕ್ಕ. ನಮ್ಮ ಲಾರಿ ಬಾಡಿಗಳನ್ನು ಇವತ್ತಿಗೂ ಅಡಿಯಲ್ಲೇ ಹೇಳುವುದಲ್ವಾ? ಇದು ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

1/87ರ ಲಾರಿಗಳು ಚೆಲುವಾಗಿರುತ್ತವೆ. ಜರ್ಮನಿಯ ಹೆರ್ಪಾ ಕಂಪನಿ ಇದರಲ್ಲಿ ಹೆಸರುವಾಸಿ. ಆದರೆ ಹೆಚ್ಚಿನವು ಕಟ್ಟಿಯೇ ಬರುತ್ತವೆ. ಸಂಗ್ರಹ ಮಾಡುವವರಿಗೆ ಸರಿ, ಕಟ್ಟುವವರಿಗೆ ಕೆಲಸವೇ ಸಿಗುವುದಿಲ್ಲ. 1/50ರ ಲೋಹದ ಲಾರಿಗಳಿಗೂ ಇದೇ ಮಾತು.

ಮೂತಿ ಲಾರಿಯೋ, ಚಪ್ಪಟೆ ಮುಖದ್ದೋ?

ಇಲ್ಲಿ ಮನಸ್ಸು ಒಂದು ಕಡೆ, ಕೈ ಇನ್ನೊಂದು ಕಡೆ ಎಳೆಯುತ್ತದೆ. ಉದ್ದ ಮೂತಿ, ಎರಡೂ ಬದಿಗೆ ಎದ್ದು ನಿಂತ ಹೊಳೆಯುವ ಹೊಗೆ ಕೊಳವೆ, ಬೆಳ್ಳಿಯಂಥ ಬಂಪರ್. ಹುಡುಗರಿದ್ದಾಗ ನಾವು ಕನಸು ಕಂಡದ್ದು ಅದನ್ನೇ.

ಈ ಎರಡು ಮುಖಗಳ ಹಿಂದೆ ಕಾನೂನು ಇದೆ. ಯುರೋಪಿನಲ್ಲಿ ಪೂರ್ತಿ ಉದ್ದಕ್ಕೆ ಮಿತಿ ಇರುವುದರಿಂದ ಮೂತಿ ಉದ್ದ ಮಾಡಿದಷ್ಟೂ ಸರಕಿನ ಜಾಗ ಕಮ್ಮಿ. ಅದಕ್ಕೇ ಚಾಲಕ ಎಂಜಿನ್ ಮೇಲೆ ಕೂರುತ್ತಾನೆ. ಅಮೆರಿಕದಲ್ಲೂ ಮುಂಚೆ ಚಪ್ಪಟೆ ಮುಖದ ಲಾರಿ ಬೇಕಾದಷ್ಟಿದ್ದವು. 1982ರ ಕಾನೂನು ಬಂದ ಮೇಲೆ ಮುಖ್ಯ ಹೆದ್ದಾರಿಗಳಲ್ಲಿ ಪೂರ್ತಿ ಲಾರಿಯ ಉದ್ದ ಅಳೆಯುವುದು ನಿಂತು, ಟ್ರೇಲರ್ ಉದ್ದ ಮಾತ್ರ ಲೆಕ್ಕಕ್ಕೆ ಬಂತು. ಆಮೇಲೆ ಅಲ್ಲಿ ಮೂತಿ ಲಾರಿಗಳೇ ರಸ್ತೆ ತುಂಬಿಕೊಂಡವು. ಕಿಟ್‌ಗಳಲ್ಲೂ ಈ ಕಥೆ ಕಾಣುತ್ತದೆ. 1970ರ ದಶಕದ ಅಮೆರಿಕದ ಕಿಟ್‌ಗಳಲ್ಲಿ ಎರಡೂ ಬಗೆ ಇವೆ.

ಅಮೆರಿಕದ ಲಾರಿ ಬೇಕೆಂದರೆ ಮುಖ್ಯವಾಗಿ ಮೂರು ಹೆಸರು. ಎಎಂಟಿ, ರೆವೆಲ್, ಮೋಬಿಯಸ್. ಎಎಂಟಿಯ ಹಳೆಯ ಅಚ್ಚುಗಳು ಈಗ ರೌಂಡ್ 2 ಕಂಪನಿಯ ಕೈಯಲ್ಲಿವೆ. ಪೀಟರ್‌ಬಿಲ್ಟ್ 359, ಕೆನ್‌ವರ್ತ್, ಚಪ್ಪಟೆ ಮುಖದ ವೈಟ್ ಫ್ರೈಟ್‌ಲೈನರ್ ಎಲ್ಲ ಮತ್ತೆ ಅಚ್ಚಾಗಿ ಬಂದಿವೆ. ಇವುಗಳ ಸೊಗಸು ಚಾಸಿಯಲ್ಲಿ, ಎಂಜಿನ್‌ನಲ್ಲಿ. ನಿಜವಾದ ಲಾರಿಯ ಹಾಗೆ ಎರಡು ಉದ್ದ ಪಟ್ಟಿ, ಅಡ್ಡ ಪಟ್ಟಿ, ಆಕ್ಸಲ್, ಸ್ಪ್ರಿಂಗ್ ಪಟ್ಟೆ ಒಂದೊಂದಾಗಿ ಕೂರಿಸಬೇಕು. ಲಾರಿ ಹೇಗೆ ನಿಂತಿದೆ ಅಂತ ಕೈಗೇ ಅರ್ಥವಾಗುತ್ತದೆ. ಅಪ್ಪ ತೋರಿಸಿದ್ದ ಕಮಾನು ಪಟ್ಟೆ ಯಾವುದು, ಕ್ರಾಸ್ ಯಾವುದು ಅಂತ ನನಗೆ ಸರಿಯಾಗಿ ತಿಳಿದದ್ದು ಆ ಕಿಟ್ ಕಟ್ಟುವಾಗಲೇ.

ಕಷ್ಟವೂ ಅಲ್ಲೇ. ಐವತ್ತು ವರ್ಷದ ಹಳೇ ಅಚ್ಚು. ಭಾಗಗಳ ಅಂಚಿನಲ್ಲಿ ತೆಳು ಪೊರೆ ಬಂದಿರುತ್ತದೆ, ಅದನ್ನೆಲ್ಲ ಕೆರೆಯಬೇಕು. ಎರಡು ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಅಂಟಿಸಿದರೆ ಚಾಸಿ ತಿರುಚಿಕೊಳ್ಳುವುದು ಗ್ಯಾರಂಟಿ. ಕೊನೆಗೆ ಹತ್ತು ಗಾಲಿಯಲ್ಲಿ ಒಂದು ನೆಲ ಮುಟ್ಟುವುದಿಲ್ಲ. ಹಾಗಾಗಿ ಒಂದು ದಪ್ಪ ಗಾಜಿನ ತುಂಡು ಮೊದಲೇ ತಂದಿಟ್ಟುಕೊಳ್ಳಿ. ಗಾಜಿನ ಅಂಗಡಿಯಲ್ಲಿ ಅಂಚು ಉಜ್ಜಿಸಿ ಕೊಡುತ್ತಾರೆ. ಚಾಸಿಯನ್ನು ಅದರ ಮೇಲೆ ಮಲಗಿಸಿಯೇ ಜೋಡಿಸಿ, ರಾತ್ರಿ ಪೂರ್ತಿ ಅಲ್ಲೇ ಬಿಡಿ. ಮೂಲೆ ಮೂಲೆಗೆ ಅಳೆದು ಎರಡೂ ಕರ್ಣ ಸಮ ಇದೆಯಾ ನೋಡಿ. ಈ ಒಂದು ಕೆಲಸದಲ್ಲಿ ಅವಸರ ಬೇಡ. ಉಳಿದ ತಪ್ಪುಗಳನ್ನು ಸರಿಪಡಿಸಬಹುದು, ತಿರುಚಿದ ಚಾಸಿಯನ್ನು ಸರಿಪಡಿಸುವುದು ಬಹಳ ಕಷ್ಟ.

ಮೋಬಿಯಸ್‌ನವರ ಅಚ್ಚುಗಳು ಈ ಶತಮಾನದವು. ಇಂಟರ್‌ನ್ಯಾಷನಲ್ ಕಂಪನಿಯ ಲೋನ್‌ಸ್ಟಾರ್, ಪ್ರೋಸ್ಟಾರ್ ಲಾರಿಗಳನ್ನು 1/25ರಲ್ಲಿ ಮಾಡಿದ್ದಾರೆ. ಅಮೆರಿಕದ ಮೂತಿ ಬೇಕು, ಆದರೆ ಹಳೇ ಅಚ್ಚಿನ ಕಾಟ ಬೇಡ ಅನ್ನುವವರಿಗೆ ನನ್ನ ಮಟ್ಟಿಗೆ ಇದೇ ಸರಿ.

ಯುರೋಪಿನ ಲಾರಿಗೆ ಇಟಲೇರಿ. ಇಟಲಿಯ ಬೊಲೊನ್ಯಾ ಹತ್ತಿರದ ಕಂಪನಿ, 1962ರಲ್ಲಿ ಶುರುವಾದದ್ದು. ವೋಲ್ವೊ, ಸ್ಕ್ಯಾನಿಯಾ, ಡಾಫ್, ಮಾನ್, ಇವೆಕೊ, ಬೆಂಜ್ ಎಲ್ಲವೂ 1/24ರಲ್ಲಿ ಸಿಗುತ್ತವೆ. ಚಪ್ಪಟೆ ಮುಖದ ಕ್ಯಾಬಿನ್ ಒಂದು ಡಬ್ಬಿಯ ಹಾಗೆ. ಗೋಡೆಗಳು ಚೌಕ ಕೂತರೆ ಮುಕ್ಕಾಲು ಕೆಲಸ ಆಯಿತು. ಹೊಳೆಯುವ ಬೆಳ್ಳಿ ಭಾಗಗಳೂ ಕಮ್ಮಿ. ಇದು ತುಂಬಾ ದೊಡ್ಡ ಅನುಕೂಲ. ಯಾಕೆಂದರೆ ಬೆಳ್ಳಿ ಲೇಪನದ ಮೇಲೆ ಪ್ಲಾಸ್ಟಿಕ್ ಅಂಟು ಹಿಡಿಯುವುದೇ ಇಲ್ಲ. ಅಂಟಿಸುವ ಜಾಗದಲ್ಲೆಲ್ಲ ಲೇಪನ ಕೆರೆದು ತೆಗೆಯಬೇಕು. ಅಮೆರಿಕದ ಕಿಟ್‌ನಲ್ಲಿ ಅಂಥ ಭಾಗ ತುಂಬಾ ಇರುತ್ತವೆ.

ಬೆಂಗಳೂರಿನವರಿಗೆ ಈ ಕಿಟ್‌ಗಳಲ್ಲಿ ಇನ್ನೊಂದು ಸಂಬಂಧ ಇದೆ. ವೋಲ್ವೊದವರು 1998ರಿಂದ ಹೊಸಕೋಟೆಯಲ್ಲಿ ಲಾರಿ ಜೋಡಿಸುತ್ತಿದ್ದಾರೆ. ಆ ಮುಖ ನಮಗೆ ಗುರುತಿನದು. ಮಾಡೆಲ್ ಮುಂದೆ ಕೂತು ಧೂಳು ಎಲ್ಲಿ ಹಿಡಿಯುತ್ತದೆ, ಎಣ್ಣೆ ಎಲ್ಲಿ ಸೋರುತ್ತದೆ, ಮಡ್‌ಗಾರ್ಡ್ ಹಿಂದೆ ಕೆಮ್ಮಣ್ಣು ಹೇಗೆ ಮೆತ್ತಿರುತ್ತದೆ ಅಂತ ಯೋಚಿಸಬೇಕಾದರೆ ಹಳೇ ಮದ್ರಾಸ್ ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಅಮೆರಿಕದ ಲಾರಿಗೆ ಫೋಟೊ ನೋಡಿಯೇ ಕೆಲಸ ಮಾಡಬೇಕು.

ಜಪಾನಿನ ಅಓಶಿಮಾ ಕಂಪನಿಯ 1/32 ಲಾರಿಗಳ ಬಗ್ಗೆ ನಮ್ಮಲ್ಲಿ ಮಾತು ಕಮ್ಮಿ. ಅಲ್ಲಿ ದೆಕೊತೊರಾ ಅಂತ ಒಂದು ಬಗೆ ಇದೆ. ಮೈ ತುಂಬ ದೀಪ, ಚಿತ್ರ, ಹೊಳೆಯುವ ತಗಡು ಹೊತ್ತ ಲಾರಿ. ನಮ್ಮ ಬಣ್ಣದ ಲಾರಿಗಳನ್ನು ಪ್ರೀತಿಸುವವರಿಗೆ ನೋಡಿದ ಕೂಡಲೇ ನೆಂಟರ ಮನೆಗೆ ಹೋದ ಹಾಗೆ ಅನಿಸುತ್ತದೆ. ಗಾತ್ರವೂ ಚಿಕ್ಕದು. ಆದರೆ ಭಾಗಗಳೂ ಚಿಕ್ಕವು. ನಲವತ್ತೈದು ದಾಟಿದವರು ತಲೆಗೆ ಕಟ್ಟುವ ಭೂತಗನ್ನಡಿ ಇಟ್ಟುಕೊಂಡೇ ಇದಕ್ಕೆ ಕೂರಬೇಕು.

ಹಾಗಾದರೆ ಯಾವುದು? ತಾಳ್ಮೆ ಮುಗಿದು ಬಿಟ್ಟವರು ಇಟಲೇರಿಯ ಚಪ್ಪಟೆ ಮುಖದಿಂದ ಶುರು ಮಾಡಿ. ಜಾಗದ ಕಾರಣಕ್ಕೆ ಬಿಟ್ಟವರಿಗೂ ಅದೇ. ಜಾಗವೂ ಇದೆ, ಸಮಯವೂ ಇದೆ, ಸುಮ್ನೆ ಕೆಲಸ ಬದುಕು ಅಂತ ಬಿಟ್ಟುಹೋಗಿತ್ತು ಅನ್ನುವವರು ಧೈರ್ಯವಾಗಿ ಪೀಟರ್‌ಬಿಲ್ಟ್ ತೆಗೆದುಕೊಳ್ಳಿ.

ಅಟ್ಟದ ಮೇಲಿನ ಪೆಟ್ಟಿಗೆ

ಕೆಲವರ ಮನೆಯಲ್ಲಿ ಬಿಚ್ಚದ ಹಳೇ ಕಿಟ್ ಇರುತ್ತದೆ. ಅದನ್ನೇ ಕಟ್ಟಬಹುದಲ್ಲ ಅನಿಸುತ್ತದೆ. ಕಟ್ಟಬಹುದು, ಆದರೆ ಮೊದಲನೆಯದಾಗಿ ಅಲ್ಲ.

ಹಳೇ ಕಿಟ್‌ನ ಟೈರುಗಳು ಮೆತ್ತನೆಯ ವಿನೈಲ್. ಅದನ್ನು ಮೆತ್ತಗಿಡಲು ಹಾಕಿದ ರಾಸಾಯನಿಕ ವರ್ಷಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಅದು ಪಕ್ಕದ ಪ್ಲಾಸ್ಟಿಕ್ಕಿಗೆ ತಾಗಿದರೆ ಆ ಪ್ಲಾಸ್ಟಿಕ್ ಕರಗುತ್ತದೆ. ನನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ಬಿಡಿ ಟೈರೊಂದು ಟ್ರೇಲರ್ ಬಾಗಿಲಿನ ಮೇಲೆ ತನ್ನ ಗುರುತನ್ನು ಪೂರ್ತಿ ಅಚ್ಚೊತ್ತಿತ್ತು. ಹೊಸ ಕಿಟ್ ತಂದರೂ ಟೈರುಗಳನ್ನು ಬೇರೆ ಕವರಿಗೆ ಹಾಕಿಡಿ.

ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲ್ ಸ್ಟಿಕರ್ ಹಳದಿಯಾಗಿದ್ದರೆ ಪಾರದರ್ಶಕ ಕವರಿನಲ್ಲಿಟ್ಟು ಬಿಸಿಲು ಬೀಳುವ ಕಿಟಕಿಗೆ ಒಳಗಿನಿಂದ ಅಂಟಿಸಿ. ಕೆಲವು ದಿನಗಳಲ್ಲಿ ಹಳದಿ ಕಮ್ಮಿಯಾಗುತ್ತದೆ. ನೀರಿಗೆ ಹಾಕುವ ಮುಂಚೆ ಒಂದು ಕೋಟ್ ಕ್ಲಿಯರ್ ಲ್ಯಾಕರ್ (ಬಣ್ಣವಿಲ್ಲದ, ವಾರ್ನಿಷ್‌ನಂಥದ್ದು) ಹೊಡೆಯಿರಿ. ಇಲ್ಲದಿದ್ದರೆ ನೀರಿನಲ್ಲೇ ಚೂರು ಚೂರಾಗುತ್ತದೆ. ಅರ್ಧ ಕಟ್ಟಿ ಬಿಟ್ಟ ಲಾರಿ ಇದ್ದರೆ ಎಸೆಯಬೇಡಿ. ಬಣ್ಣದ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಓಡುವ ಲಾರಿ

ಜಪಾನಿನ ತಮಿಯಾ ಕಂಪನಿಯ 1/14 ರಿಮೋಟ್ ಲಾರಿ ಬೇರೆಯದೇ ಲೋಕ. 1993ರಲ್ಲಿ ಕಿಂಗ್ ಹಾಲರ್ ಅನ್ನುವ ಮೂತಿ ಲಾರಿಯಿಂದ ಶುರುವಾದ ಸಾಲು ಇದು. ಲೋಹದ ಚಾಸಿ, ಸ್ಕ್ರೂ ಹಾಕಿ ಬಿಗಿಯುವ ಜೋಡಣೆ, ಮೂರು ಗೇರ್. ಗೇರ್ ಬದಲಾಯಿಸುವುದನ್ನೂ ರಿಮೋಟ್‌ನಿಂದಲೇ ಮಾಡಬಹುದು. ಬೇರೆಯಾಗಿ ಮಾರುವ ಒಂದು ಘಟಕ ಸೇರಿಸಿದರೆ ಎಂಜಿನ್ ಸದ್ದು, ಇಂಡಿಕೇಟರ್, ಹೆಡ್‌ಲೈಟ್ ಎಲ್ಲ ಬರುತ್ತದೆ.

ಅಂಟಿನ ವಾಸನೆ ಆಗದವರಿಗೆ, ಸ್ಪ್ಯಾನರ್ ಹಿಡಿಯುವುದೇ ಇಷ್ಟ ಅನ್ನುವವರಿಗೆ ಇದು ಒಳ್ಳೆಯ ದಾರಿ. ಆದರೆ ಖರ್ಚು ಐದಂಕಿಯಿಂದ ಶುರು. ರಿಮೋಟ್, ಸರ್ವೊ (ಗಾಲಿ ತಿರುಗಿಸುವ ಸಣ್ಣ ಮೋಟಾರು), ಬ್ಯಾಟರಿ, ಚಾರ್ಜರ್ ಬೇರೆ. ಟ್ರೇಲರ್ ಇನ್ನೂ ಬೇರೆ. ಓಡಿಸಲು ನಯವಾದ ನೆಲ ಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಭಾನುವಾರ ಬೆಳಿಗ್ಗೆ ಖಾಲಿ ಇದ್ದರೆ ಚೆನ್ನಾಗಿ ಓಡುತ್ತದೆ. ಓಡಿಸುವುದರಲ್ಲಿ ನಿಮಗೆ ಆಸೆ ಇಲ್ಲದಿದ್ದರೆ ಬರೀ ಶೋಕೇಸಿಗಾಗಿ ಇದನ್ನು ಕೊಳ್ಳಬೇಡಿ. ಆ ದುಡ್ಡಿಗೆ ನಾಲ್ಕೈದು 1/24 ಲಾರಿ ಕಟ್ಟಬಹುದು.

ಬಣ್ಣ: ಕುಂಚ, ಸ್ಪ್ರೇ ಡಬ್ಬಿ, ಏರ್‌ಬ್ರಷ್

ಲಾರಿಯ ಕ್ಯಾಬಿನ್ ದೊಡ್ಡ ನಯವಾದ ಮೈ. ಕುಂಚದ ಗೆರೆ ಎದ್ದು ಕಾಣುತ್ತದೆ. ಚಾಸಿ, ಎಂಜಿನ್, ಒಳಗಿನ ಸೀಟು, ಡ್ಯಾಶ್‌ಬೋರ್ಡ್ ಎಲ್ಲಕ್ಕೂ ಕುಂಚ ಸಾಕು. ಕ್ಯಾಬಿನ್‌ಗೆ ಸ್ಪ್ರೇ ಬೇಕೇ ಬೇಕು.

ಡಬ್ಬಿ ಸ್ಪ್ರೇ ಸುಲಭ. ತಮಿಯಾದ ಟಿಎಸ್ ಸಾಲಿನ ಡಬ್ಬಿಗಳು ಪ್ಲಾಸ್ಟಿಕ್ಕಿಗೆಂದೇ ಮಾಡಿದವು, ಹೊಳಪು ಬಹಳ ಚೆನ್ನಾಗಿ ಬರುತ್ತದೆ. ಬೈಕು ಕಾರಿಗೆ ಹೊಡೆಯುವ ಡಬ್ಬಿಗಳು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತವೆ, ಕಮ್ಮಿ ಬೆಲೆ. ಆದರೆ ಅವುಗಳ ಥಿನ್ನರ್ ಕೆಲವು ಸಲ ಪ್ಲಾಸ್ಟಿಕ್ಕಿನ ಮೈಯನ್ನು ಬಿರುಕು ಬಿಡಿಸುತ್ತದೆ. ಕಿಟ್‌ನಲ್ಲಿ ಉಳಿಯುವ ಕಡ್ಡಿಯ ತುಂಡಿನ ಮೇಲೆ ಮೊದಲು ಹೊಡೆದು ಒಂದು ದಿನ ಬಿಟ್ಟು ನೋಡಿ.

ಗಾಳಿಯ ಒತ್ತಡದಲ್ಲಿ ಬಣ್ಣ ಎರಚುವ ಏರ್‌ಬ್ರಷ್, ಅದಕ್ಕೆ ಗಾಳಿ ಕೊಡುವ ಸಣ್ಣ ಕಂಪ್ರೆಸರ್ ಒಂದು ಸಲದ ಖರ್ಚು. ಎರಡನೇ ಲಾರಿಯೂ ಮುಗಿದ ಮೇಲೆ ಕೊಳ್ಳಿ. ಆದರೆ ವಾಸನೆಯ ಕಾರಣಕ್ಕೆ ಬಿಟ್ಟವರು ಮೊದಲೇ ಕೊಳ್ಳಬೇಕು. ಯಾಕೆಂದರೆ ಇದರಲ್ಲಿ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬಳಸಬಹುದು, ವಾಸನೆ ಬಹಳ ಕಮ್ಮಿ. ಹಾಗಂತ ಮಾಸ್ಕ್ ಬಿಡಬೇಡಿ. ಬಣ್ಣದ ಮಂಜು ಯಾವುದಾದರೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ತಮಿಯಾದ ಅಕ್ರಿಲಿಕ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತೆಳು ಮಾಡಬಹುದು. ಅದು ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಸರ್ಕ್ಯೂಟ್ ಬೋರ್ಡ್ ತೊಳೆಯಲು ಇಟ್ಟಿರುತ್ತಾರೆ.

ನಮ್ಮ ಊರಿನ ಹವೆಯ ಬಗ್ಗೆ ಒಂದು ಮಾತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಬರುವ ಸಂಜೆ ಲ್ಯಾಕರ್ ಹೊಡೆದರೆ ಬಣ್ಣದ ಮೇಲೆ ಹಾಲಿನಂಥ ಬಿಳುಪು ಕೂರುತ್ತದೆ. ಬಣ್ಣ ಒಣಗುವಾಗ ತಣ್ಣಗಾಗಿ ಗಾಳಿಯ ತೇವ ಅದರೊಳಗೆ ಸಿಕ್ಕಿಕೊಳ್ಳುವುದೇ ಕಾರಣ. ನಾನು ಮಳೆಗಾಲದಲ್ಲಿ ಚಾಸಿ, ಎಂಜಿನ್ ಕಟ್ಟಿಕೊಂಡು, ಕ್ಯಾಬಿನ್ ಬಣ್ಣವನ್ನು ಜನವರಿಗೆ ಇಡುತ್ತೇನೆ. ಜನವರಿಯಿಂದ ಮಾರ್ಚ್‌ವರೆಗೆ ಬೆಂಗಳೂರಿನಷ್ಟು ಒಳ್ಳೆಯ ಹವೆ ಈ ಕೆಲಸಕ್ಕೆ ಇನ್ನೆಲ್ಲೂ ಬೇಡ. ಟೆರೇಸ್ ಮೇಲೆ ಹೊಡೆಯುವವರು ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೊಡೆದು, ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ. ಧೂಳು ಕೂರುವುದಿಲ್ಲ.

ಅಂಟಿನ ವಿಷಯ ಚಿಕ್ಕದು. ಹಳೇ ಕಾಲದ ಟ್ಯೂಬ್ ಅಂಟು ಮರೆತುಬಿಡಿ. ನೀರಿನಷ್ಟು ತೆಳುವಾದ ಪ್ಲಾಸ್ಟಿಕ್ ಸಿಮೆಂಟ್ ಈಗ ಸಿಗುತ್ತದೆ. ಎರಡು ಭಾಗ ಜೋಡಿಸಿ ಹಿಡಿದು ಸಂದಿಗೆ ಕುಂಚ ಮುಟ್ಟಿಸಿದರೆ ತಾನೇ ಒಳಗೆ ಓಡುತ್ತದೆ. ಗಾಜಿನ ಭಾಗಗಳಿಗೆ ಮಾತ್ರ ಬಿಳಿ ಫೆವಿಕಾಲ್. ಒಣಗಿದ ಮೇಲೆ ಕಾಣುವುದಿಲ್ಲ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಗಾಜಿನ ಹತ್ತಿರ ತಂದರೆ ಅದರ ಆವಿಗೆ ವಿಂಡ್‌ಶೀಲ್ಡ್ ಮಂಜು ಕವಿದ ಹಾಗಾಗುತ್ತದೆ.

ಇಲ್ಲಿ ಕೊಳ್ಳುವುದೋ, ಹೊರಗಿನಿಂದ ತರಿಸುವುದೋ?

ವಿದೇಶದ ಅಂಗಡಿಯ ಬೆಲೆ ನೋಡಿ ಅಗ್ಗ ಅಂತ ಅನಿಸುತ್ತದೆ. ಆದರೆ ಕಸ್ಟಮ್ಸ್ ಪುಸ್ತಕದಲ್ಲಿ ಇಂಥ ಮಾಡೆಲ್‌ಗಳು ಆಟಿಕೆಯ ಅಧ್ಯಾಯದಲ್ಲೇ ಬರುತ್ತವೆ. 2020ರ ಬಜೆಟ್‌ನಲ್ಲಿ ಆಟಿಕೆಗಳ ಮೂಲ ಸುಂಕ 20ರಿಂದ 60 ಪರ್ಸೆಂಟ್ ಆಯಿತು, 2023ರಲ್ಲಿ 70 ಆಯಿತು. ಮೇಲೆ ಬೇರೆ ತೆರಿಗೆ, ಸಾಗಣೆ. ಉಡುಗೊರೆ ಅಂತ ಬರೆಸಿ ತರಿಸುವ ಐದು ಸಾವಿರದ ವಿನಾಯಿತಿಯೂ 2019ರ ಡಿಸೆಂಬರ್‌ನಲ್ಲಿ ಹೋಯಿತು. ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ ಮಾಡಿದ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂತು. ನನ್ನ ಒಂದು ಪಾರ್ಸೆಲ್ ಏಳು ವಾರ ಎಲ್ಲೋ ಕೂತಿತ್ತು, ಬಂದಾಗ ಕಿಟ್ ಬೆಲೆಯಷ್ಟೇ ದುಡ್ಡು ಮತ್ತೆ ಕಟ್ಟಿದೆ. ತರಿಸುವ ದಿನದ ಸುಂಕ ಎಷ್ಟು ಅಂತ ನೋಡಿಕೊಂಡೇ ಆರ್ಡರ್ ಮಾಡಿ.

ಹಾಗಾಗಿ ಮೊದಲ ಕಿಟ್ ಇಲ್ಲೇ ಇರುವ ಹಾಬಿ ಅಂಗಡಿಯಲ್ಲಿ ಸಿಗುವುದನ್ನೇ ಕೊಳ್ಳಿ, ನೂರಿನ್ನೂರು ಜಾಸ್ತಿಯಾದರೂ ಚಿಂತೆ ಇಲ್ಲ. ಹೊರದೇಶದಿಂದ ಬರುವ ನೆಂಟರು, ಸ್ನೇಹಿತರಿದ್ದರೆ ಒಂದು ಕಿಟ್ ಸೂಟ್‌ಕೇಸಿನಲ್ಲಿ ತರಲು ಕೇಳಿಕೊಳ್ಳಬಹುದು, ನಮ್ಮ ಮಾವ ತಂದ ಹಾಗೆ. ಸ್ಪ್ರೇ ಡಬ್ಬಿ, ಅಂಟು ಮಾತ್ರ ಕೇಳಬೇಡಿ. ವಿಮಾನದಲ್ಲಿ ಅವನ್ನು ಬಿಡುವುದಿಲ್ಲ.

ಉಳಿದ ಸಾಮಾನು ಎಲ್ಲ ನಮ್ಮ ಊರಿನಲ್ಲೇ ಇದೆ. ಚಿಮಟ, ಸಣ್ಣ ಡ್ರಿಲ್ ಬಿಟ್, ಕೂದಲೆಳೆಯ ವೈರು, ಸಣ್ಣ ಎಲ್ಇಡಿ, ಭೂತಗನ್ನಡಿ ದೀಪ ಎಲ್ಲಕ್ಕೂ ಎಸ್‌ಪಿ ರೋಡ್. ವೈರಿನ ಮೇಲಿನ ಹೊದಿಕೆ ತೆಗೆದರೆ ಬ್ರೇಕ್ ಪೈಪು ಆಗುತ್ತದೆ. ಬಣ್ಣದಂಗಡಿಯ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಕಾಗದ) 400, 800, 1200, 2000 ನಂಬರಿನದು ಒಂದೊಂದು ಹಾಳೆ ಸಾಕು.

ಕಿಟ್ ಇಲ್ಲದ ಲಾರಿ

ಇಷ್ಟೂ ಹೇಳಿದ ಮೇಲೆ ಇನ್ನೊಂದು ದಾರಿ ಉಳಿಯುತ್ತದೆ. ನನಗೆ ಈಗ ಎಲ್ಲಕ್ಕಿಂತ ಪ್ರೀತಿಯದು ಇದೇ. ನಮ್ಮದೇ ಲಾರಿ.

ಟಾಟಾದವರು 1954ರಲ್ಲಿ ಬೆಂಜ್ ಕಂಪನಿ ಜೊತೆ ಸೇರಿ ಲಾರಿ ಮಾಡಲು ಶುರು ಮಾಡಿದರು. ಆ ಮೂತಿ ಲಾರಿ, ಆಮೇಲೆ ಬಂದ ಟಾಟಾ 1210, ಅಶೋಕ್ ಲೇಲ್ಯಾಂಡಿನ ಕಾಮೆಟ್. ಕಲಾಸಿಪಾಳ್ಯದಲ್ಲಿ ನಾನು ನೋಡಿದ್ದು ಇವನ್ನು. ಇವುಗಳ ಪ್ಲಾಸ್ಟಿಕ್ ಕಿಟ್ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಕೈಯಾರೆ ಮಾಡಬೇಕು. ಕೇರಳದಲ್ಲಿ ಎಷ್ಟೋ ಹುಡುಗರು ಫೋಮ್ ಶೀಟ್ ಕತ್ತರಿಸಿ ಬಸ್ಸು, ಲಾರಿ ಮಾಡುತ್ತಾರೆ. ಕಣ್ಣಿಗೆ ಒತ್ತಿಕೊಳ್ಳುವಂಥ ಕೆಲಸ. ನಮ್ಮಲ್ಲೂ ಕೆಎಸ್ಆರ್‌ಟಿಸಿ ಬಸ್ಸುಗಳನ್ನು ಹೀಗೆ ಮಾಡುವವರಿದ್ದಾರೆ.

ಕಿಟ್ ಜೊತೆ ಹೋಲಿಸಿದರೆ ಖರ್ಚು ಏನೂ ಇಲ್ಲ. ಬೋರ್ಡು ಬರೆಯುವವರ ಹತ್ತಿರ 3 ಮಿಲಿಮೀಟರ್ ಸನ್‌ಬೋರ್ಡಿನ (ಗಟ್ಟಿ ಫೋಮ್ ಹಾಳೆಯ) ತುಂಡುಗಳು ಉಳಿದಿರುತ್ತವೆ, ಕೇಳಿದರೆ ಕೊಡುತ್ತಾರೆ. ಕತ್ತರಿಸಲು ಕಟರ್, ಸ್ಟೀಲ್ ಸ್ಕೇಲ್. ಸಮಯ ಮಾತ್ರ ಮೂರು ಪಟ್ಟು. ಸೂಕ್ಷ್ಮ ಕೆಲಸದಲ್ಲಿ ಕಿಟ್‌ನಷ್ಟು ಚೂಪು ಬರುವುದಿಲ್ಲ. ಗಾಲಿಯೇ ಇದರಲ್ಲಿ ಕಷ್ಟದ ಭಾಗ. ನಾನು ಮಾಡಿದ್ದು ಹೀಗೆ: 10.00-20 ಟೈರಿನ ಎತ್ತರ ಸುಮಾರು 105 ಸೆಂಟಿಮೀಟರ್. 1/24ರಲ್ಲಿ 44 ಮಿಲಿಮೀಟರ್. ಒಂದು ಗಾಲಿಯ ಚಿತ್ರ ಕಂಪ್ಯೂಟರಿನಲ್ಲಿ ಬರೆಸಿ, ಏಳು ಗಾಲಿ 3ಡಿ ಪ್ರಿಂಟ್ ಮಾಡಿಸಿದೆ. ಮುಂದೆ ಎರಡು, ಹಿಂದೆ ನಾಲ್ಕು, ಸ್ಟೆಪ್ನಿ ಒಂದು. ಲಾರಿಯ ಬಾಡಿ ಕಟ್ಟಲು, ಒಂದು ಅಡಿಗೆ ಅರ್ಧ ಇಂಚು ಅನ್ನುವ ಆ ಲೆಕ್ಕ. 17 ಅಡಿ ಬಾಡಿ ಅಂದರೆ ಎಂಟೂವರೆ ಇಂಚು. ಬಡಗಿಯ ಹಾಗೆ ಟೇಪಿನಲ್ಲೇ ಗುರುತು ಹಾಕುತ್ತಾ ಹೋಗಬಹುದು.

ಪಕ್ಕದ ಹಲಗೆಗಳನ್ನು ಐಸ್‌ಕ್ರೀಂ ಕಡ್ಡಿಯಲ್ಲಿ ಮಾಡಿದೆ. ಟಾರ್ಪಾಲಿಗೆ ಹಳೇ ಕೊಡೆಯ ಬಟ್ಟೆ. ಹಗ್ಗಕ್ಕೆ ದಪ್ಪ ನೂಲು, ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದ್ದು. ಬಂಪರ್‌ಗೆ ಕಟ್ಟಿದ ನಿಂಬೆ ಮೆಣಸಿನಕಾಯಿ ಎಂ-ಸೀಲ್‌ನಲ್ಲಿ ಮಾಡಿದ್ದು, ಅಕ್ಕಿ ಕಾಳಿಗಿಂತ ಚಿಕ್ಕದು. ಅದೊಂದಕ್ಕೇ ಒಂದು ಸಂಜೆ ಹಿಡಿಯಿತು. ಸೊಗಸಾದ ಸಂಜೆ ಅದು.

ಕಿಟ್ ಕಟ್ಟದೆ ಸೀದಾ ಇದಕ್ಕೆ ಇಳಿಯಬಹುದಾ ಅಂತ ಕೇಳುತ್ತಾರೆ. ಬೇಡ ಅನ್ನುತ್ತೇನೆ. ಚಾಸಿ ಹೇಗೆ ಕೂರುತ್ತದೆ, ಆಕ್ಸಲ್ ಎಲ್ಲಿ ನೇತಾಡುತ್ತದೆ ಅಂತ ಕೈಗೆ ಗೊತ್ತಿರಬೇಕು. ಒಂದಾದರೂ ಕಿಟ್ ಮುಗಿಸಿ ಬನ್ನಿ. ಅದರಲ್ಲಿ ಉಳಿದ ಭಾಗಗಳೂ ಇಲ್ಲಿ ಬಳಕೆಗೆ ಬರುತ್ತವೆ. ನನ್ನ ಲಾರಿಯ ಡೀಸೆಲ್ ಟ್ಯಾಂಕ್ ಇಟಲೇರಿ ಸ್ಕ್ಯಾನಿಯಾದ ಉಳಿದ ಭಾಗ.

ಅಳತೆ ತೆಗೆಯಲು ನಾನು ಯಶವಂತಪುರದ ಟ್ರಕ್ ಟರ್ಮಿನಲ್‌ಗೆ ಹೋಗುತ್ತೇನೆ. ಡ್ರೈವರ್‌ಗಳನ್ನು ಕೇಳಿಯೇ ಟೇಪ್ ಹಿಡಿಯಿರಿ. "ಅಣ್ಣ, ಈ ಲಾರಿ ಥರದ್ದೇ ಚಿಕ್ಕದು ಮಾಡ್ತಿದ್ದೀನಿ, ಅಳತೆ ತಗೊಳ್ಳಲಾ?" ಅಂದರೆ ಇಲ್ಲ ಅಂದವರನ್ನು ನಾನು ಇನ್ನೂ ನೋಡಿಲ್ಲ. ಒಬ್ಬರು ಟೇಪಿನ ಇನ್ನೊಂದು ತುದಿ ಹಿಡಿದರು. ಕ್ಯಾಬಿನ್ ಒಳಗೆ ಹತ್ತಿಸಿ ದೇವರ ಪಟ ಎಲ್ಲಿ ಇರುತ್ತದೆ, ಊಟದ ಡಬ್ಬಿ ಎಲ್ಲಿ, ಹಾಸಿಗೆ ಎಲ್ಲಿ ಅಂತ ತೋರಿಸಿದರು. ಆ ಕ್ಯಾಬಿನ್ ಒಳಗಿನದ್ದನ್ನೆಲ್ಲ ಹಾಗೇ ಮಾಡಿದೆ. ಹೋದ ದಸರೆಗೆ ಮಗಳು ಅದನ್ನು ಬೊಂಬೆಗಳ ಕೆಳಗಿನ ಮೆಟ್ಟಿಲ ಮೇಲೆ, ಸಂತೆಯ ಸಾಲಿನ ಪಕ್ಕ ನಿಲ್ಲಿಸಿದಳು. ಆಯುಧಪೂಜೆಯ ದಿನ ಅಮ್ಮ ಅದಕ್ಕೂ ಕುಂಕುಮ ಇಟ್ಟು, ಸೇವಂತಿಗೆಯ ಒಂದು ಎಸಳನ್ನು ಬಂಪರ್ ಮೇಲೆ ಇಟ್ಟರು.